ಎರಡನೇ ಮೋಟ್ರು

ರಾತ್ರಿ ಹನ್ನೊಂದರ ಮೇಲೆ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಬೆಂಗಳೂರಲ್ಲಿ ಕೆಲಸ, ಊರಲ್ಲಿ ವಯಸ್ಸಾದ ಅಪ್ಪ ಅವ್ವ ಇರುವ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳ್ತಾರೆ. 2024ರ ಜುಲೈ ಕೊನೇ ವಾರ ನನಗೆ ಅಂಥದ್ದೊಂದು ಫೋನ್ ಬಂತು. ಅವ್ವ ಮಾಡಿದ್ದು.

"ಸೆಲ್ಲಾರ್‌ನಲ್ಲಿ ನೀರು ತುಂಬ್ಕಂಡದೆ ಕಣವ್ವ. ಮೋಟ್ರು ಓಡ್ತಿಲ್ಲ. ಕರೆಂಟೂ ಓಗ್ಬುಟ್ಟದೆ. ನಿಮ್ಮಪ್ಪ ಬ್ಯಾಟ್ರಿ ಇಡ್ಕಂಡು ಕೆಳಕ್ಕಿಳಿದವ್ರೆ. ಕೂಗಿದ್ರೆ ಓ ಅಂತಿಲ್ಲ."

ನೂರೈವತ್ತು ಕಿಲೋಮೀಟರ್ ಆಚೆ ಕೂತ ನಾನು ಏನು ಮಾಡಲಿ? "ಅಪ್ಪನ್ನ ಮೇಲೆ ಬರಕ್ಕೇಳು, ಮೊದಲು ಮೇಲೆ ಬರಕ್ಕೇಳು" ಅಂತ ಕೂಗಿದೆ, ಅಷ್ಟೇ. ನಾಲ್ಕೈದು ನಿಮಿಷ ಬಿಟ್ಟು ಅಪ್ಪನೇ ಲೈನಿಗೆ ಬಂದರು. "ಏನೂ ಆಗಿಲ್ಲ ಕಣ್ ಮಗ. ನೀನು ಮನಿಕ್ಕೊ ಹೋಗು."

ಅವತ್ತು ನಾನು ನಿಜವಾಗಲೂ ಮಲಗಿಬಿಟ್ಟೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತೆ.

ನಮ್ಮ ಮನೆ ಇರೋದು ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಹತ್ತಿರ. ಹೇಮಾವತಿ ಹೊಳೆಗೆ ಅಡ್ಡಲಾಗಿ ಹಳೇ ಕಾಲದ ಅಣೆಕಟ್ಟೆ, ಅಲ್ಲಿಂದ ಹೊರಡುವ ನಾಲೆ, ಪಕ್ಕದ ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣಸ್ವಾಮಿ. ವರ್ಷಕ್ಕೊಂದು ಸಲ ಜಾತ್ರೆ, ದನಗಳ ಜಾತ್ರೆ. ಮೇಲೆ ಗೊರೂರು ಡ್ಯಾಮ್ ತುಂಬಿ ನೀರು ಬಿಟ್ಟರೆ ನಮ್ಮ ಕಟ್ಟೆಯ ಮೇಲೆ ಹಾಲು ಉಕ್ಕಿದಂತೆ ನೀರು ಬೀಳುತ್ತೆ, ಸೆಲ್ಫಿಗೆ ಜನ ಬರ್ತಾರೆ. ಅದೇ ನೀರು ಮುಂದೆ ಹೋಗಿ ಕನ್ನಂಬಾಡಿ ಕಟ್ಟೆ ಸೇರೋದು. ನಮ್ಮ ಕಡೆ ಕೆ.ಆರ್.ಎಸ್. ಅನ್ನೋರಿಗಿಂತ ಕನ್ನಂಬಾಡಿ ಕಟ್ಟೆ ಅನ್ನೋರೇ ಜಾಸ್ತಿ. ಮಳೆಗಾಲದಲ್ಲಿ ಇಬ್ಬರು ಸಿಕ್ಕರೆ ಮೊದಲ ಮಾತೇ "ಕಟ್ಟೆ ಎಷ್ಟಾಯ್ತಂತೆ?" ಅದರ ಪೂರ್ತಿ ಮಟ್ಟ 124.80 ಅಡಿ ಅಂತ ನಮ್ಮ ಕಡೆ ಸ್ಕೂಲ್ ಮಕ್ಕಳಿಗೂ ಗೊತ್ತು.

ಇಂಥ ನೀರಿನ ಊರಲ್ಲಿ ಸೆಲ್ಲಾರ್ ಯಾಕೆ ಕಟ್ಟಿದ್ರಿ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ನಮ್ಮ ಸೈಟು ರೋಡಿಗಿಂತ ಏಳೆಂಟು ಅಡಿ ತಗ್ಗು. ಅಷ್ಟು ಮಣ್ಣು ಹೊಡೆಸಿ ತುಂಬಿಸೋ ದುಡ್ಡಿನಲ್ಲಿ ಕೆಳಗೊಂದು ಅಂತಸ್ತೇ ಬರುತ್ತೆ ಅಂತ ಮೇಸ್ತ್ರಿ ಲೆಕ್ಕ ಕೊಟ್ಟ. ಅಪ್ಪನಿಗೆ ಆ ಲೆಕ್ಕ ಹಿಡಿಸಿತು. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಸೆಲ್ಲಾರ್ ಎದ್ದಿತು. ರಾಗಿ ಮೂಟೆ, ಬಿತ್ತನೆ ಭತ್ತ, ಔಷಧಿ ಹೊಡೆಯೋ ಮಿಷಿನ್ನು, ಅಪ್ಪನ ಬೈಕು, ಅಜ್ಜಿಯ ಕಬ್ಬಿಣದ ಟ್ರಂಕು ಎಲ್ಲ ಅಲ್ಲಿಗೆ ಇಳಿದವು.

ಮೊದಲ ಬೇಸಿಗೆ ಚೆನ್ನಾಗಿತ್ತು, ತಣ್ಣಗಿತ್ತು. ನಾಲೆಗೆ ನೀರು ಬಿಟ್ಟರು, ಮಳೆ ಹಿಡಿಯಿತು, ಹದಿನೈದು ದಿನಕ್ಕೆ ಗೋಡೆಯ ಬುಡದಲ್ಲಿ ಕಪ್ಪು ಗೆರೆ ಕಾಣಿಸಿತು. ಆಮೇಲೆ ಜಿನುಗು, ಆಮೇಲೆ ಊಟೆ. ವಾಟರ್‌ಪ್ರೂಫ್ ಅಂತ ಎರಡು ಸಲ ಒಳಗಿಂದ ಗಾರೆ ಮಾಡಿಸಿದರು. ಹೊರಗಿಂದ ಮಣ್ಣಿನೊಳಗೆ ನಿಂತ ನೀರು ಒತ್ತುವಾಗ ಒಳಗಿನ ಗಾರೆ ಏನು ತಡೆಯುತ್ತೆ? ಹಪ್ಪಳದಂತೆ ಎದ್ದು ಬಂತು. ಕೊನೆಗೆ ಅಪ್ಪ ಒಂದು ಮೂಲೆಯಲ್ಲಿ ಎರಡಡಿ ಅಗಲ, ಎರಡಡಿ ಉದ್ದ, ಮೂರಡಿ ಆಳದ ಗುಂಡಿ ತೋಡಿಸಿ, ಪಕ್ಕದಲ್ಲಿ ಅರ್ಧ ಎಚ್‌ಪಿ ಮೋಟ್ರು ಕೂರಿಸಿದರು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಕೆಳಗಿಳಿದು ಸ್ವಿಚ್ ಹಾಕೋದು, ಗುಂಡಿ ಬರಿದಾದ ಮೇಲೆ ಆರಿಸೋದು. ಐದಾರು ವರ್ಷ ಹೀಗೇ ನಡೆಯಿತು.

2023 ಬರದ ವರ್ಷ. ಕಟ್ಟೆ ತುಂಬಲಿಲ್ಲ. ಸೆಲ್ಲಾರ್ ಒಣಗಿತ್ತು. "ಈ ವರ್ಷ ಮೋಟ್ರಿಗೂ ರಜಾ" ಅಂತ ಅಪ್ಪ ನಕ್ಕಿದ್ದರು. ಆ ರಜೆಯೇ ಮುಳುವಾಯ್ತು. ವರ್ಷ ಪೂರ್ತಿ ತಿರುಗದೆ ಕೂತ ಮೋಟ್ರು ಒಳಗೆ ತುಕ್ಕು ಕಚ್ಚಿಕೊಂಡಿತ್ತು. 2024ರಲ್ಲಿ ಹೇಮಾವತಿ ತುಂಬಿ ಬಂದಳು, ಜುಲೈನಲ್ಲಿ ಕನ್ನಂಬಾಡಿ ಕಟ್ಟೆ ತುಂಬಿತು, ಊರೆಲ್ಲ ಹಬ್ಬ. ನಮ್ಮ ಮನೆಯಲ್ಲಿ ಅಪ್ಪ ಸ್ವಿಚ್ ಹಾಕಿದರೆ ಮೋಟ್ರು ಬರೀ ಗುಂಯ್ ಅಂತು, ತಿರುಗಲಿಲ್ಲ. ಅದನ್ನು ಬಿಚ್ಚಿ ನೋಡೋಣ ಅನ್ನುವಷ್ಟರಲ್ಲಿ ಕರೆಂಟ್ ಹೋಯ್ತು. ಆ ಕತ್ತಲಲ್ಲೇ ಅವರು ಮೊಣಕಾಲುದ್ದ ನೀರಿಗೆ ಇಳಿದದ್ದು.

ನಿಜ ವಿಷಯ ಗೊತ್ತಾಗಿದ್ದು ಗೌರಿ ಹಬ್ಬಕ್ಕೆ ತವರಿಗೆ ಹೋದಾಗ. ಚಿಕ್ಕಪ್ಪ ಒಬ್ಬಟ್ಟು ತಿನ್ನುತ್ತಾ, ಏನೋ ತಮಾಷೆ ಹೇಳೋ ಹಾಗೆ, "ನಿಮ್ಮಪ್ಪಂಗೆ ಅವತ್ತು ಕರೆಂಟ್ ವಡೀತಂತಲ್ಲ, ಯೋಳಿಲ್ವಾ ನಿಂಗೆ?" ಅಂದರು.

ಆಗಿದ್ದು ಇಷ್ಟು. ಅಪ್ಪ ನೀರಲ್ಲಿ ನಿಂತು ಮೋಟ್ರಿನ ನಟ್ಟು ಬಿಚ್ಚುತ್ತಾ ಇದ್ದರು. ಸ್ವಿಚ್ ಆರಿಸಿರಲಿಲ್ಲ, ಕರೆಂಟೇ ಇಲ್ಲವಲ್ಲ ಅಂತ. ಸ್ಪ್ಯಾನರ್ ಸೈಜು ಸರಿ ಇಲ್ಲ ಅಂತ ಬೇರೆ ತರೋಕೆ ಮೆಟ್ಟಿಲು ಹತ್ತಿದರು. ಒಂದು ಕಾಲು ಇನ್ನೂ ನೀರಲ್ಲೇ ಇತ್ತು. ಆಗ ಕರೆಂಟ್ ಬಂತು. ವೈರಿನ ಮಧ್ಯೆ ಟೇಪ್ ಸುತ್ತಿದ್ದ ಜಾಯಿಂಟು ನೀರಲ್ಲಿ ಮುಳುಗಿತ್ತು. ಕಾಲು ಝುಂ ಅಂತು. ಮೆಟ್ಟಿಲ ಮೇಲೆ ಬಿದ್ದರು.

"ಝುಂ ಅಂತು ಅಷ್ಟೇಯ" ಅಂದರು ಅಪ್ಪ. ಅವ್ವ ಅಡುಗೆಮನೆಯಿಂದ ಈಚೆಗೇ ಬರಲಿಲ್ಲ.

ಎರಡನೇ ಪಂಪು ಹಾಕಿಸೋಣ, ಕರೆಂಟ್ ಹೋದರೂ ತನ್ನಷ್ಟಕ್ಕೆ ಓಡುವಂಥದ್ದು ಅಂತ ನಾನು ಅವತ್ತೇ ಹೇಳಿದೆ. ಅಪ್ಪ ಒಪ್ಪಲಿಲ್ಲ. "ಇರೋ ಮೋಟ್ರು ರಿಪೇರಿ ಆಗದಲ್ಲ. ಒಂದು ಮನೆಗೆ ಎಲ್ಡು ಮೋಟ್ರು ಯಾಕವ್ವ? ಯಾವಾಗ್ಲೋ ಒಂದಿನ ಕೆಡೋದಕ್ಕೆ ಅಷ್ಟು ದುಡ್ಡು ಸುರೀತಾರಾ?" ನನಗೂ ಆಫೀಸು, ರಿಲೀಸು, ಟ್ರಾಫಿಕ್ಕು. ಬೆಂಗಳೂರಿಗೆ ಬಂದೆ, ಮರೆತೆ.

ಮರೆತದ್ದನ್ನು ನೆನಪಿಸಿದ್ದು ಒಂದು ಸುದ್ದಿ. 2025ರ ಮೇ 19. ಹಿಂದಿನ ರಾತ್ರಿ ಬೆಂಗಳೂರಲ್ಲಿ ಹುಚ್ಚು ಮಳೆ. ಬಿಟಿಎಂ ಲೇಔಟ್ ಕಡೆಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ತುಂಬಿತ್ತು. ಅದನ್ನು ಪಂಪ್ ಹಾಕಿ ಹೊರಗೆ ಹಾಕೋಕೆ ಹೋದಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು. ಒಬ್ಬರಿಗೆ 63 ವರ್ಷ. ಇನ್ನೊಬ್ಬ 12 ವರ್ಷದ ಹುಡುಗ.

ನಾನು ಆ ಸುದ್ದಿಯನ್ನು ಆಫೀಸಿನ ಕ್ಯಾಂಟೀನಿನಲ್ಲಿ ಫೋನಿನಲ್ಲಿ ಓದಿದೆ. ನಮ್ಮಪ್ಪನಿಗೆ ಆಗ 64. ಊಟ ಸೇರಲಿಲ್ಲ. ಆ ಶುಕ್ರವಾರ ಸಂಜೆಯೇ ಕೆ.ಆರ್. ಪೇಟೆ ಬಸ್ಸು ಹತ್ತಿದೆ. ನಾಲೆಗೆ ನೀರು ಬಿಡೋ ಮುಂಚೆ ಈ ಕೆಲಸ ಮುಗಿಯಲೇಬೇಕು ಅಂತ ತೀರ್ಮಾನ ಮಾಡಿಯೇ ಹೋಗಿದ್ದೆ.

ಮೊದಲ ತೊಡಕು ಹೆಸರಿನದ್ದು. ಇಂಟರ್ನೆಟ್ಟಲ್ಲಿ ಎಲ್ಲ ಕಡೆ 'ಸಂಪ್ ಪಂಪ್' ಅಂತ ಇದೆ. ಅಂಗಡಿಯಲ್ಲಿ ಹಾಗೇ ಕೇಳಿದೆ. "ಸಂಪಿಂದ ಟ್ಯಾಂಕಿಗೆ ಏರಿಸೋದಾ ಮೇಡಂ? ಎಷ್ಟು ಫ್ಲೋರು?" ಅಂದ. ನಮ್ಮಲ್ಲಿ ಸಂಪು ಅಂದರೆ ಕುಡಿಯೋ ನೀರು ಕೂಡಿಡೋ ತೊಟ್ಟಿ. ಹೊರದೇಶದವರಿಗೆ ಸಂಪು ಅಂದರೆ ಬೇಡದ ನೀರು ಬಂದು ಸೇರೋ ಗುಂಡಿ. ನಾವು ತುಂಬಲಿ ಅಂತ ಕಾಯ್ತೀವಿ, ಅವರು ತುಂಬದಿರಲಿ ಅಂತ ಕಾಯ್ತಾರೆ. ನನಗೆ ಬೇಕಿದ್ದು ಕೊಳಚೆ ನೀರು ಎತ್ತೋ ಸಬ್‌ಮರ್ಸಿಬಲ್ ಪಂಪ್. ಮನೆಯಲ್ಲಿ ಟ್ಯಾಂಕಿಗೆ ನೀರು ಏರಿಸೋ ಮಾಮೂಲಿ ಮೊನೊಬ್ಲಾಕ್ ಮೋಟ್ರು ತಿಳಿನೀರಿಗೆ ಸರಿ. ಮಣ್ಣು, ಕಸ ಸೇರಿದ ನೀರಿಗೆ ಬೇಗ ಕೆಡುತ್ತೆ. ಜೊತೆಗೆ ಅದು ನೀರಿನ ಹೊರಗೆ ಕೂರಬೇಕು. ನೀರು ಅದರ ಮಟ್ಟಕ್ಕೆ ಬಂದರೆ ಅದೇ ಮುಳುಗುತ್ತೆ.

ಎರಡನೇದು ಲೆಕ್ಕ. ನಮ್ಮೂರಿನ ಎಲೆಕ್ಟ್ರಿಷಿಯನ್ ಹುಡುಗ ಐಟಿಐ ಓದಿದವನು, ಬಾಯಿಗಿಂತ ಕೈ ಮುಂದು. "ಅಕ್ಕ, ದೊಡ್ಡ ಪಂಪು, ದೊಡ್ಡ ಬ್ಯಾಟ್ರಿ ಹಾಕ್ಸೋದು ಸುಲಭ. ಎಷ್ಟು ನೀರು ಬತ್ತದೆ ಗೊತ್ತಾ ಮೊದ್ಲು?" ಅಂದ. ಹೋದ ಮಳೆಗಾಲದಲ್ಲಿ ಗುಂಡಿ ಎಷ್ಟು ಬೇಗ ತುಂಬುತ್ತಿತ್ತು ಅಂತ ಅಪ್ಪನನ್ನು ಕೇಳಿದೆ. ಅಪ್ಪನಿಗೆ ಎಲ್ಲ ನೆನಪಿತ್ತು: ಜೋರಿದ್ದಾಗ ಒಂದು ಬೀಡಿ ಸೇದಿ, ಹಟ್ಟಿಗೆ ಹೋಗಿ ಬರೋಷ್ಟರಲ್ಲಿ ಒಂದಡಿ. ಅಂದಾಜು ಹತ್ತು ನಿಮಿಷ ಅಂತ ಇಟ್ಟುಕೊಂಡೆವು.

ಎರಡಡಿ ಚದರದ ಗುಂಡಿಯಲ್ಲಿ ಒಂದಡಿ ಅಂದರೆ ಸುಮಾರು 113 ಲೀಟರ್. ಹತ್ತು ನಿಮಿಷಕ್ಕೆ ಅಷ್ಟು ಅಂದರೆ ನಿಮಿಷಕ್ಕೆ 11 ಲೀಟರ್ ಚಿಲ್ಲರೆ. ಒಂದು ಬಕೆಟ್ಟೂ ಇಲ್ಲ. ಇಷ್ಟೇನಾ ಅನ್ನಿಸಿತು. ಆದರೆ ಎಂಟು ಗಂಟೆ, ಅಂದರೆ ಒಂದು ರಾತ್ರಿಗೆ ಗುಣಿಸಿ ನೋಡಿ. ಐದು ಸಾವಿರದ ನಾನೂರು ಲೀಟರ್. ಇಪ್ಪತ್ತು ಮೂವತ್ತರ ಸೆಲ್ಲಾರ್‌ನಲ್ಲಿ ಹತ್ತಿರ ಹತ್ತಿರ ನಾಲ್ಕು ಇಂಚು ನೀರು. ಎರಡು ದಿನ ಬಿಟ್ಟರೆ ಎರಡಡಿ, ಮೊಣಕಾಲು ಮುಳುಗುತ್ತೆ. ನೀರು ನುಗ್ಗಿ ಬರಬೇಕಾಗಿಲ್ಲ, ಬಿಡದೆ ಬಂದರೆ ಸಾಕು.

ಅದೇ ಲೆಕ್ಕ ಧೈರ್ಯವನ್ನೂ ಕೊಟ್ಟಿತು. ಅರ್ಧ ಎಚ್‌ಪಿ ಪಂಪು ನಮ್ಮ ಎತ್ತರಕ್ಕೆ ನಿಮಿಷಕ್ಕೆ ನೂರು ಲೀಟರ್ ಆರಾಮಾಗಿ ಎತ್ತುತ್ತೆ. ಅಂದರೆ ಗಂಟೆಗೆ ಅದು ಓಡಬೇಕಾದ್ದು ಏಳು ನಿಮಿಷ ಮಾತ್ರ. ಓಡುವಾಗ ಸುಮಾರು 600 ವಾಟ್ ಎಳೆದರೂ ಗಂಟೆಗೆ ಖರ್ಚಾಗೋದು 70 ವಾಟ್-ಅವರ್. ಒಂದು ಹಳೇ ಕಾಲದ ಸೀಲಿಂಗ್ ಫ್ಯಾನಿನಷ್ಟು!

ಹಾಗಾದರೆ ಮನೆಯಲ್ಲಿ ಈಗಾಗಲೇ ಲೈಟು ಫ್ಯಾನಿಗೆ ಇರೋ ಇನ್ವರ್ಟರ್‌ಗೇ ಕೊಟ್ಟುಬಿಡೋಣ ಅಂದೆ. ಹುಡುಗ ನಕ್ಕು, ಕೊಟ್ಟೇ ತೋರಿಸಿದ. ಪಂಪ್ ಆನ್ ಆಗುತ್ತಲೇ ಇನ್ವರ್ಟರ್ ಕುಂಯ್ ಅಂತ ಕೂಗಿ ಆಫ್ ಆಯ್ತು. ಮೋಟ್ರು ಸ್ಟಾರ್ಟ್ ಆಗೋ ಕ್ಷಣದಲ್ಲಿ ಓಡುವಾಗಿನ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತೆ. ಬಂಡಿ ತಳ್ಳೋ ಹಾಗೆ, ಮೊದಲು ಕದಲಿಸೋದೇ ಕಷ್ಟ, ಆಮೇಲೆ ಉರುಳುತ್ತೆ. ನಮಗೆ ಕಮ್ಮಿ ಇದ್ದದ್ದು ಬ್ಯಾಟರಿ ಅಲ್ಲ, ಆ ಮೊದಲ ತಳ್ಳು. ಕೊನೆಗೆ 2 ಕೆವಿಎ ಇನ್ವರ್ಟರ್, ಎರಡು 150 ಎಎಚ್ ಬ್ಯಾಟರಿ ತಂದೆವು. 24 ವೋಲ್ಟ್ ಗುಣಿಸು 150, ಅಂದರೆ 3,600 ವಾಟ್-ಅವರ್. ಅದರಲ್ಲಿ ಅರ್ಧ ಮಾತ್ರ ಬಳಸಿದರೂ ನಮ್ಮ ಪಂಪಿಗೆ ಒಂದು ಹಗಲು, ಒಂದು ರಾತ್ರಿ ಸಾಕು.

ಇನ್ವರ್ಟರ್ ಎಲ್ಲಿಡೋದು? "ಸೆಲ್ಲಾರ್‌ನಲ್ಲೇ ಒಂದು ಸ್ಟ್ಯಾಂಡ್ ಹಾಕ್ಸು, ಜಾಗ ಅದೆ" ಅಂದರು ಅಪ್ಪ. ಅದಕ್ಕೆ ಮಾತ್ರ ನಾನು ಬಿಲ್ಕುಲ್ ಒಪ್ಪಲಿಲ್ಲ. 2022ರ ಸೆಪ್ಟೆಂಬರ್ ಐದನೇ ತಾರೀಖು ನಿಮಗೂ ನೆನಪಿರಬಹುದು. ಸರ್ಜಾಪುರ ರಸ್ತೆ, ಬೆಳ್ಳಂದೂರು, ಹೊರವರ್ತುಲ ರಸ್ತೆ ಎಲ್ಲ ಕೆರೆ ಆಗಿದ್ದವು. ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನಾನಿದ್ದ ಅಪಾರ್ಟ್‌ಮೆಂಟಿನಲ್ಲಿ ಬೇಸ್‌ಮೆಂಟಿನ ನೀರು ಎತ್ತೋ ಪಂಪಿಗೆ ಜನರೇಟರ್ ಬ್ಯಾಕಪ್ ಇತ್ತು. ಆ ಜನರೇಟರ್ ಇದ್ದದ್ದೂ ಬೇಸ್‌ಮೆಂಟಿನಲ್ಲೇ. ಕಾಯಬೇಕಾದ್ದೇ ಮೊದಲು ಮುಳುಗಿತ್ತು. ಮೂರು ದಿನ ಲಿಫ್ಟ್ ಇಲ್ಲ, ನೀರಿಲ್ಲ, ಮೇಣದಬತ್ತಿ. ಅವತ್ತು ಕಲಿತ ಪಾಠ ಇದು: ಕಷ್ಟ ಎಲ್ಲಿಗೆ ಬರುತ್ತೋ ಅಲ್ಲೇ ಕಾವಲುಗಾರನನ್ನ ಮಲಗಿಸಬಾರದು. ಇನ್ವರ್ಟರ್ ಮೇಲೆ, ಹಾಲಿನ ಪಕ್ಕದ ಕಿರುಕೋಣೆ ಸೇರಿತು.

ಹುಡುಗ ಗುಂಡಿಯ ಹತ್ತಿರ ಕೂತು ಫ್ಲೋಟ್ ಸ್ವಿಚ್ ಕಟ್ಟುತ್ತಾ ಇದ್ದ. ನೀರಿನ ಮೇಲೆ ತೇಲೋ ಒಂದು ಪ್ಲಾಸ್ಟಿಕ್ ಬುರುಡೆ. ನೀರು ಏರಿದರೆ ಅದು ಮೇಲೆದ್ದು ಪಂಪ್ ಆನ್ ಮಾಡುತ್ತೆ, ಇಳಿದರೆ ತಲೆ ತಗ್ಗಿಸಿ ಆಫ್ ಮಾಡುತ್ತೆ. ಹಳೇ ಮೋಟ್ರಿಗೂ ಒಂದು ಫ್ಲೋಟ್ ಹಾಕಿದ. ಹೊಸ ಪಂಪಿನದ್ದನ್ನು ಅದಕ್ಕಿಂತ ಎಂಟು ಇಂಚು ಮೇಲೆ ಕಟ್ಟಿದ. ಮೊದಲನೇದು ಸೋತರೆ ಮಾತ್ರ ಎರಡನೇದು ಎದ್ದೇಳಬೇಕು ಅಂತ.

ಅಪ್ಪ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡುತ್ತಾ ಇದ್ದರು. ಅಲ್ಲಿವರೆಗೂ ಅವರ ಮುಖದಲ್ಲಿ "ಮಗಳು ದುಡ್ಡು ಹಾಳು ಮಾಡ್ತಾವ್ಳೆ" ಅನ್ನೋದು ಎದ್ದು ಕಾಣ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಅಂದರು, "ಅಂಗಂದ್ರೆ ಇದು ಕೋಡಿ ಅನ್ನು."

ನಾನು ಇಷ್ಟು ದಿನ ಬ್ಯಾಕಪ್ಪು ಬ್ಯಾಕಪ್ಪು ಅಂತ ಬಡ್ಕೊಂಡಿದ್ದೆ. ಅಪ್ಪ ಒಂದೇ ಮಾತಲ್ಲಿ ಅದನ್ನು ಕನ್ನಡಕ್ಕೆ ತಂದುಬಿಟ್ಟರು.

ನಮ್ಮ ತಾತ ಊರ ಕೆರೆಗೆ ನೀರಗಂಟಿ ಆಗಿದ್ದವರು. ಕೆರೆಗೆ ನೀರು ಹೋಗೋಕೆ ಎರಡು ದಾರಿ. ಒಂದು ತೂಬು: ಅದನ್ನು ಎತ್ತೋಕೆ, ಮುಚ್ಚೋಕೆ ಒಬ್ಬ ಮನುಷ್ಯ ಬೇಕು. ಇನ್ನೊಂದು ಕೋಡಿ: ಅದಕ್ಕೆ ಯಾರೂ ಬೇಡ. ನೀರು ಆ ಮಟ್ಟಕ್ಕೆ ಬಂತೋ, ನೀರಗಂಟಿ ಮಲಗಿರಲಿ, ಹುಷಾರಿಲ್ಲದೆ ಇರಲಿ, ನಡುರಾತ್ರಿ ಆಗಿರಲಿ, ತಾನಾಗಿಯೇ ಹರಿದು ಹೋಗುತ್ತೆ, ಏರಿ ಉಳಿಯುತ್ತೆ. ಮಳೆಗಾಲಕ್ಕೆ ಮುಂಚೆ ತಾತ ಕೋಡಿಯ ಕಸ, ಹುಲ್ಲು ತೆಗೆಸೋರಂತೆ. ಇನ್ನೊಂದಿಷ್ಟು ನೀರು ನಿಲ್ಲಲಿ ಅನ್ನೋ ಆಸೆಗೆ ಯಾರಾದರೂ ಕೋಡಿಗೆ ಕಲ್ಲು ಅಡ್ಡ ಇಟ್ಟರೆ ಜಗಳವಾಡೋರಂತೆ. "ಕೋಡಿ ಕಟ್ಟಿದ್ರೆ ಏರಿ ಒಡೀತದೆ" ಅಂತ.

"ಇಷ್ಟು ವರ್ಷ ನಮ್ಮ ಸೆಲ್ಲಾರ್‌ಗೆ ತೂಬು ಮಾತ್ರ ಇತ್ತು ಕಣಪ್ಪ. ನೀವೇ ನೀರಗಂಟಿ. ನೀವು ಇಳಿದು ಎತ್ತಬೇಕಿತ್ತು" ಅಂದೆ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಹುಡುಗನಿಗೆ ಟೀ ತಂದುಕೊಟ್ಟರು. ಅವತ್ತಿಂದ ದುಡ್ಡಿನ ಮಾತು ಎತ್ತಲಿಲ್ಲ. ದುಡ್ಡು ಐವತ್ತು ಸಾವಿರ ದಾಟಿತ್ತು, ಅದು ಬೇರೆ ಮಾತು.

ಉಳಿದ ಕೆಲಸ ಎರಡು ದಿನ ಹಿಡಿಯಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ.

ಹೊಸ ಪಂಪನ್ನು ಗುಂಡಿಯ ತಳಕ್ಕೆ ನೇರವಾಗಿ ಇಡಲಿಲ್ಲ. ಒಂದು ಸಿಮೆಂಟ್ ಇಟ್ಟಿಗೆ ಮೇಲೆ ಕೂರಿಸಿದೆವು, ತಳದ ಕೆಸರು ಒಳಗೆ ಎಳೆಯದಿರಲಿ ಅಂತ. ಎರಡು ಪಂಪಿಗೂ ಬೇರೆ ಬೇರೆ ಪೈಪು, ಬೇರೆ ಬೇರೆ ಎನ್‌ಆರ್‌ವಿ. ಈ ಎನ್‌ಆರ್‌ವಿ ಅನ್ನೋದು ನೀರನ್ನು ಮೇಲಕ್ಕೆ ಬಿಟ್ಟು ವಾಪಸ್ ಇಳಿಯೋಕೆ ಬಿಡದ ವಾಲ್ವು. ಅದಿಲ್ಲದಿದ್ದರೆ ಪಂಪು ನಿಂತ ಕೂಡಲೇ ಪೈಪಿನಲ್ಲಿರೋ ನೀರೆಲ್ಲ ಮತ್ತೆ ಗುಂಡಿಗೇ ಇಳಿಯುತ್ತೆ. ಎರಡಕ್ಕೂ ಒಂದೇ ಪೈಪ್ ಹಾಕಿದರೆ ಸಾವಿರ ರೂಪಾಯಿ ಉಳಿಯುತ್ತಿತ್ತು. ಆ ಪೈಪು ಕಟ್ಟಿಕೊಂಡ ದಿನ ಎರಡು ಪಂಪೂ ದಂಡ.

ಹಳೇ ಪೈಪು ನೀರನ್ನು ಗೋಡೆಯ ಪಕ್ಕದಲ್ಲೇ ಸುರೀತಿತ್ತು. ಅದು ಇಂಗಿ ಮತ್ತೆ ಒಳಗೇ ಬರ್ತಿತ್ತು. ಐದಾರು ವರ್ಷ ನಾವು ಅದೇ ನೀರನ್ನು ಎತ್ತೆತ್ತಿ ಹಾಕಿದ್ದೀವಿ ಅಂತ ಅವತ್ತು ಗೊತ್ತಾಗಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗ ಪೈಪು ನಲವತ್ತು ಅಡಿ ಆಚೆ, ತೆಂಗಿನ ಮರಗಳ ಕಡೆ ಹೋಗಿದೆ.

ವೈರಿಂಗ್‌ಗೆ ಅರ್ಧ ದಿನ ಹೆಚ್ಚೇ ಹಿಡಿಯಿತು. ನೆಲದಿಂದ ಒಂದಡಿ ಎತ್ತರದಲ್ಲಿದ್ದ ಪ್ಲಗ್ ಪಾಯಿಂಟನ್ನು ಐದಡಿಗೆ ಏರಿಸಿದೆವು. ಜಾಯಿಂಟ್ ಇಲ್ಲದ ಒಂದೇ ವೈರು. ಎರಡು ಪಂಪಿನ ಸ್ವಿಚ್ಚೂ ಮೆಟ್ಟಿಲ ಮೇಲ್ತುದಿಗೆ, ಮನೆ ಒಳಗೆ. ಆರಿಸೋಕೆ ಯಾರೂ ಕೆಳಗೆ ಇಳಿಯಬೇಕಾಗಿಲ್ಲ. ಜೊತೆಗೆ ಎರಡು ಲೈನಿಗೂ ಬೇರೆ ಬೇರೆ ಆರ್‌ಸಿಸಿಬಿ.

ಇದರ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಮನೆಗಳ ಬೋರ್ಡಿನಲ್ಲಿ ಇರೋ ಎಂಸಿಬಿ ವೈರು ಸುಡದಂತೆ ಕಾಯುತ್ತೆ, ಮನುಷ್ಯನನ್ನು ಅಲ್ಲ. 16 ಆಂಪಿನ ಎಂಸಿಬಿಗೆ ಅದಕ್ಕಿಂತ ಹೆಚ್ಚು ಹರಿದರೆ ಮಾತ್ರ ಎಚ್ಚರ ಆಗೋದು. ಒಬ್ಬ ಮನುಷ್ಯನ ಜೀವ ತೆಗೆಯೋಕೆ ಬೇಕಾದ ಕರೆಂಟು ಅದರ ಲೆಕ್ಕಕ್ಕೇ ಬರೋದಿಲ್ಲ. ಆರ್‌ಸಿಸಿಬಿ ಹಾಗಲ್ಲ. ಹೋದಷ್ಟು ಕರೆಂಟು ವಾಪಸ್ ಬಂತಾ ಅಂತ ನೋಡುತ್ತಾ ಇರುತ್ತೆ. 30 ಮಿಲಿಆಂಪ್, ಅಂದರೆ ಒಂದು ಆಂಪಿನಲ್ಲಿ ನೂರಕ್ಕೆ ಮೂರು ಭಾಗ ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸೋದರಲ್ಲಿ ಕಟ್ ಮಾಡುತ್ತೆ. ಆ ಬೇರೆ ದಾರಿ ನಿಮ್ಮಪ್ಪನ ಕಾಲಿರಬಹುದು. ಇನ್ವರ್ಟರ್ ಮೇಲೆ ಓಡುವಾಗಲೂ ಅದು ಸರಿಯಾಗಿ ಟ್ರಿಪ್ ಆಗುತ್ತಾ ಅಂತ ಹುಡುಗ ಮೇನ್ ಆಫ್ ಮಾಡಿ ಬೇರೆಯಾಗಿ ಟೆಸ್ಟ್ ಮಾಡಿದ. ಮೊದಲ ಸಲ ಆಗಲಿಲ್ಲ. ನ್ಯೂಟ್ರಲ್, ಅರ್ತಿಂಗ್ ಸರಿ ಮಾಡಿದ ಮೇಲೆ ಆಯ್ತು. ಟೆಸ್ಟ್ ಮಾಡದೇ ಹೋಗಿದ್ದರೆ ಬೋರ್ಡಿನಲ್ಲಿ ಚೆಂದಕ್ಕೆ ಇರುತ್ತಿತ್ತು ಅಷ್ಟೇ.

ಕೊನೆಗೆ ಒಂದು ಅಲಾರಂ. ಓವರ್‌ಹೆಡ್ ಟ್ಯಾಂಕಿಗೆ ಹಾಕ್ತಾರಲ್ಲ, ನೀರು ತುಂಬಿದರೆ ಒಬ್ಬ ಹೆಂಗಸಿನ ದನಿಯಲ್ಲಿ ಬಡ್ಕೊಳ್ಳುತ್ತಲ್ಲ, ಅದೇ. ಅದನ್ನು ಗುಂಡಿಯ ಬಾಯಿಗೆ ಕಟ್ಟಿ, ಸ್ಪೀಕರ್ ಅಡುಗೆಮನೆಗೆ ತಂದೆವು. ಎರಡು ಪಂಪೂ ಸೋತರೆ ಅದು ಕೂಗುತ್ತೆ. ಕೂಗಿದರೆ ಮಾಡಬೇಕಾದ್ದು ಒಂದೇ: ಒಣಗಿದ ಜಾಗದಲ್ಲಿ ನಿಂತು ಮೇನ್ ಆಫ್ ಮಾಡೋದು, ಆಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡೋದು. ರಾಗಿ ನೆನೆದರೆ ನೆನೆಯಲಿ. ಇದನ್ನು ನಾನು ದಪ್ಪ ಅಕ್ಷರದಲ್ಲಿ ಬರೆದು ಮೆಟ್ಟಿಲ ಬಾಗಿಲಿಗೆ ಅಂಟಿಸಿದೆ. "ಮನೆಗೆ ಬಂದೋರು ಇದೇನು ಅಂತ ಕೇಳ್ತರೆ" ಅಂತ ಅವ್ವನಿಗೆ ಮುಜುಗರ. ಕೇಳಲಿ.

ಇನ್ನೊಂದು ಬಾಕಿ ಇತ್ತು. 2023ರ ಹಾಗೆ ಮಳೆಯೇ ಬಾರದ ವರ್ಷ ಬಂದರೆ? ಓಡದೆ ಕೂತ ಮೋಟ್ರು ಮತ್ತೆ ತುಕ್ಕು ಹಿಡಿಯುತ್ತೆ. ತಿಂಗಳಿಗೊಂದು ಸಲ ಗುಂಡಿಗೆ ನೀರು ಸುರಿದು ಎರಡನ್ನೂ ಓಡಿಸಿ ನೋಡಬೇಕು, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಬೇಕು. ಫೋನಿನಲ್ಲಿ ರಿಮೈಂಡರ್ ಹಾಕಿಕೊಡ್ತೀನಿ ಅಂದೆ. "ಅದೆಲ್ಲ ಬ್ಯಾಡ. ಅಮಾಸೆ ದಿನ ಟ್ರ್ಯಾಕ್ಟರ್‌ಗೆ, ಬೈಕಿಗೆ ಪೂಜೆ ಮಾಡಕಿಲ್ವಾ? ಅವತ್ತೇ ಇದುಕ್ಕೂ ಮಾಡದು" ಅಂದರು ಅಪ್ಪ. ಈಗ ಪ್ರತಿ ಅಮಾವಾಸ್ಯೆ ಇನ್ವರ್ಟರ್‌ಗೆ ಅರಿಶಿನ ಕುಂಕುಮ, ಊದುಕಡ್ಡಿ. ಗುಂಡಿಗೆ ಹತ್ತು ಬಿಂದಿಗೆ ನೀರು. ಎರಡು ಪಂಪೂ ಗುರ್ ಅಂದ ಮೇಲೆ ನನಗೆ ಒಂದು ವಾಟ್ಸ್ಯಾಪ್ ವಾಯ್ಸ್ ಮೆಸೇಜು: "ಓಡ್ತು ಕಣವ್ವ." ನಮ್ಮ ಆಫೀಸಿನಲ್ಲಿ ಇಷ್ಟು ನಿಯತ್ತಾಗಿ ಯಾವ ಬ್ಯಾಕಪ್ಪನ್ನೂ ಯಾರೂ ಟೆಸ್ಟ್ ಮಾಡೋದಿಲ್ಲ.

2025ರಲ್ಲಿ ಮಳೆ ಬೇಗ ಬಂತು. ಕನ್ನಂಬಾಡಿ ಕಟ್ಟೆ ಜೂನ್‌ನಲ್ಲೇ ತುಂಬಿತು. ಹೇಮಗಿರಿ ಕಟ್ಟೆ ಮೇಲೆ ನೀರು ಬಿದ್ದ ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಬಂತು. ಪ್ರತಿ ರಾತ್ರಿ ನಾನು ಫೋನ್ ತಲೆದಿಂಬಿನ ಪಕ್ಕ ಇಟ್ಟು ಮಲಗುತ್ತಿದ್ದೆ.

ಜುಲೈನ ಒಂದು ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ಹಸು ಕರು ಹಾಕಿದ್ದು, ಪಕ್ಕದ ಮನೆಯವರ ಮಗಳಿಗೆ ಗಂಡು ನೋಡೋಕೆ ಬಂದದ್ದು, ಎಲ್ಲ ಹೇಳಿ ಮುಗಿಸಿ, ಇನ್ನೇನು ಇಡ್ತೀನಿ ಅನ್ನೋವಾಗ ಅಂದಳು, "ನೆನ್ನೆ ರಾತ್ರಿಯೆಲ್ಲ ಕರೆಂಟಿರ್ನಿಲ್ಲ ಕಣವ್ವ. ಮಳೆ ಅಂದ್ರೆ ಮಳೆ. ಕೆಳಗಡೆ ಅದು ಆಗಾಗ ಗುರ್ ಅಂತಿತ್ತು."

"ಅಪ್ಪ?"

"ನಿಮ್ಮಪ್ಪನಾ? ಒಂದ್ಸಲ ಎದ್ದು ಮೆಟ್ಟಿಲತ್ರ ನಿಂತ್ಕಂಡು ಕೇಳುಸ್ಕಂಡ್ರು. ಬಂದು ಮನಿಕ್ಕಂಡ್ರು."

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವ್ವ "ಹಲೋ, ಹಲೋ" ಅಂತ ಇದ್ದಳು.

ರಾಗಿ, ಭತ್ತ, ಅಜ್ಜಿಯ ಟ್ರಂಕು ಎಲ್ಲ ಒಣಗಿದ್ದವು. ಐವತ್ತು ಸಾವಿರ ಖರ್ಚು ಮಾಡಿದ್ದು ಅದಕ್ಕೇ ಅಂತ ನೆಂಟರೆಲ್ಲ ಅಂದುಕೊಂಡಿದ್ದಾರೆ. ನಾನು ಖರ್ಚು ಮಾಡಿದ್ದು ಅಪ್ಪ ಮೆಟ್ಟಿಲ ಹತ್ತಿರ ನಿಂತು ಕೇಳಿಸಿಕೊಂಡು, ಇಳಿಯದೆ, ವಾಪಸ್ ಬಂದು ಮಲಗಲಿ ಅಂತ.

ನಿಮ್ಮೂರಿನ ಮನೆಯಲ್ಲಿ ಸೆಲ್ಲಾರ್ ಇರಲಿಕ್ಕಿಲ್ಲ. ಬಾವಿ ಪಂಪು ಇರಬಹುದು, ತೋಟದ ಮೋಟ್ರು, ಬಚ್ಚಲಿನ ಗೀಸರು ಇರಬಹುದು. ಈ ಸಲ ಊರಿಗೆ ಹೋದಾಗ ಒಂದೇ ಒಂದು ಪ್ರಶ್ನೆ ಕೇಳಿ. ರಾತ್ರಿ ಅದು ಕೆಟ್ಟರೆ ಯಾರು ಇಳಿದು ನೋಡ್ತಾರೆ, ಎಲ್ಲಿ ನಿಂತು ಆರಿಸ್ತಾರೆ? ಉತ್ತರ ಕೇಳಿ ನಿಮಗೆ ಸಮಾಧಾನ ಆಗಲಿಲ್ಲ ಅಂದರೆ, ಮುಂದಿನ ಮಳೆವರೆಗೂ ಕಾಯಬೇಡಿ. ನಾನು ಒಂದು ಮಳೆಗಾಲ ಕಾದೆ. ಏನೂ ಆಗಲಿಲ್ಲ ಅನ್ನೋದು ನನ್ನ ಅದೃಷ್ಟ, ಜಾಣತನ ಅಲ್ಲ.